ಮುತ್ತಾತನ ಹೆಸರು ಊರಿನ ಹಳೆಯ ಪಹಣಿಯಲ್ಲಿಲ್ಲ: ಎಲ್ಲಿ ಹುಡುಕಬೇಕು?

ಪ್ರಶ್ನೆ: ನಾಲೆಬದಿಯವನು

ಮಾನ್ಯರೇ,

ನಮ್ಮ ಮೂಲ ಮಂಡ್ಯ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ತಾತನ ಕಾಲದವರೆಗೆ ಮನೆಯವರೆಲ್ಲರೂ ಅಲ್ಲಿಯೇ ಬೇಸಾಯ ಮಾಡಿಕೊಂಡಿದ್ದರು. ತಂದೆಯವರು ನೌಕರಿಗೆಂದು ಊರು ಬಿಟ್ಟ ಮೇಲೆ ಜಮೀನನ್ನು ದೊಡ್ಡಪ್ಪನ ಮಕ್ಕಳು ನೋಡಿಕೊಳ್ಳುತ್ತಿದ್ದಾರೆ. ನನಗೆ ಯಾವ ಪಾಲಿನ ತಕರಾರೂ ಇಲ್ಲ. ತಂದೆಯವರು ತೀರಿಕೊಂಡ ನಂತರ, ಮುತ್ತಾತ ಯಾರು, ಎಲ್ಲಿಂದ ಬಂದರು, ಆ ಭೂಮಿ ಅವರಿಗೆ ಹೇಗೆ ಬಂತು ಎಂಬುದನ್ನು ನನ್ನ ಮಕ್ಕಳಿಗಾಗಿ ಬರೆದಿಡಬೇಕೆಂಬ ಆಸೆಯೊಂದೇ ಇದೆ.

ಮನೆಯಲ್ಲಿ ಬಾಯಿಂದ ಬಾಯಿಗೆ ಬಂದಿರುವ ಮಾತು ಇಷ್ಟು. ಮುತ್ತಾತ ದೊಡ್ಡ ಬರದಲ್ಲಿ ಅಪ್ಪ ಅಮ್ಮನನ್ನು ಕಳೆದುಕೊಂಡು, ‘ಕಂಬಿ ಹಾಕುವ ಕಾಲದಲ್ಲಿ’ ಈ ಊರಿಗೆ ಬಂದ ಹುಡುಗ. ಇಲ್ಲಿಯೇ ಯಾರದೋ ಮನೆಯಲ್ಲಿ ದನ ಕಾಯ್ದು, ಆಮೇಲೆ ಭೂಮಿ ಮಾಡಿ, ಮದುವೆಯಾಗಿ ನೆಲೆ ನಿಂತವರು. ನಾಲೆ ನೀರು ಬಂದ ವರ್ಷ ಅವರ ಕೊನೆಯ ಮಗಳು ಹುಟ್ಟಿದಳು. ಅವರು ರಾಗಿ ಬೆಳೆಯುತ್ತಿದ್ದ ಹೊಲ ಆ ನಂತರ ಗದ್ದೆಯಾಯಿತು. ಅದನ್ನು ಊರವರು ಇಂದಿಗೂ ‘ಜೋಡಿದಾರರ ಗದ್ದೆ’ ಎಂದೇ ಕರೆಯುತ್ತಾರೆ, ಐವತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಖಾತೆ ನಮ್ಮ ಹೆಸರಿನಲ್ಲಿದ್ದರೂ.

ತಾಲ್ಲೂಕು ಕಚೇರಿಯಿಂದ ಕೈಬರಹದ ಪಹಣಿಗಳ ನಕಲು ತೆಗೆಸಿದೆ. ತಾತನ ಹೆಸರಿದೆ, ಅವರ ತಂದೆಯಾಗಿ ಮುತ್ತಾತನ ಹೆಸರೂ ಇದೆ. ಅದರ ಹಿಂದಕ್ಕೆ ಹೋದರೆ ಮುತ್ತಾತನ ಹೆಸರಿನಲ್ಲಿ ಒಂದು ಗುಂಟೆಯೂ ಇಲ್ಲ. ಅವರ ತಂದೆಯ ಹೆಸರಿನವರು ಆ ಊರಿನಲ್ಲಿ ಇದ್ದ ಸುಳಿವೇ ಸಿಗುತ್ತಿಲ್ಲ.

ಇನ್ನೆರಡು ಸಂಗತಿಗಳನ್ನೂ ಹೇಳಿಬಿಡುತ್ತೇನೆ, ಉಪಯೋಗಕ್ಕೆ ಬರುತ್ತದೆಯೋ ಇಲ್ಲವೋ ತಿಳಿಯದು. ನಮ್ಮ ಮನೆಗೆ ಎರಡು ಮನೆದೇವರು: ಆದಿಚುಂಚನಗಿರಿಯ ಭೈರವ ಮತ್ತು ಮುಡುಕುತೊರೆಯ ಮಲ್ಲಿಕಾರ್ಜುನ. ಎರಡೂ ಕಡೆ ಹರಕೆ ತೀರಿಸುತ್ತೇವೆ, ಏಕೆಂದು ಯಾರೂ ಹೇಳುವುದಿಲ್ಲ. ಮತ್ತೊಂದು, ಪಿತೃಪಕ್ಷದ ಹಬ್ಬದಲ್ಲಿ ಹಿರಿಯರಿಗೆ ಎಡೆ ಇಡುವಾಗ ದೊಡ್ಡಮ್ಮ ಸಾಲಿನ ಎಲೆಗಳನ್ನೆಲ್ಲ ಬಡಿಸಿ ಮುಗಿಸಿದ ಮೇಲೆ, ಬಾಗಿಲಿನ ಮಗ್ಗುಲಿಗೆ ಒಂದು ಎಲೆಯನ್ನು ಬೇರೆಯಾಗಿ ಹಾಕುತ್ತಾರೆ. ಆ ಎಲೆಗೆ ಮಾಂಸವಿಲ್ಲ, ಕಜ್ಜಾಯವಿಲ್ಲ. ಒಂದು ಬಟ್ಟಲು ರಾಗಿ ಗಂಜಿ, ಅದರ ಪಕ್ಕದಲ್ಲಿ ಒಂದು ಹರಳು ಉಪ್ಪು. ಚಿಕ್ಕಂದಿನಲ್ಲಿ ಅದು ಯಾರದೆಂದು ಕೇಳಿದಾಗ ‘ಬಂದವರದು’ ಎಂದಿದ್ದರು.

ಮುಂದೆ ಯಾವ ದಾಖಲೆಯನ್ನು, ಯಾವ ಕಚೇರಿಯಲ್ಲಿ ಕೇಳಬೇಕೆಂದು ಅನುಭವಿಗಳು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ನಿವೃತ್ತ ಶಿರಸ್ತೇದಾರ

ನಾನು ಗ್ರಾಮಲೆಕ್ಕಿಗನಾಗಿ ಸೇರಿ ಕಂದಾಯ ಇಲಾಖೆಯಲ್ಲಿಯೇ ಮೂವತ್ತೈದು ವರ್ಷ ಕಳೆದವನು. ನಿಮ್ಮ ಪ್ರಶ್ನೆಯ ಅರ್ಧ ಉತ್ತರ ‘ಜೋಡಿದಾರರ ಗದ್ದೆ’ ಎಂಬ ಮಾತಿನಲ್ಲಿಯೇ ಇದೆ. ನಿಮ್ಮದು ಜೋಡಿ ಗ್ರಾಮವಾಗಿತ್ತು, ಅಂದರೆ ಅರಸರ ಕಾಲದಲ್ಲಿ ಯಾರಿಗೋ ಇನಾಮಾಗಿ ಕೊಟ್ಟು, ಸರ್ಕಾರವು ಪೂರ್ತಿ ಕಂದಾಯದ ಬದಲು ‘ಜೋಡಿ’ ಎಂಬ ಅಲ್ಪ ಮೊತ್ತವನ್ನು ಮಾತ್ರ ಕಟ್ಟಿಸಿಕೊಳ್ಳುತ್ತಿದ್ದ ಗ್ರಾಮ. ಅಂತಹ ಊರಿನಲ್ಲಿ ಸರ್ಕಾರದ ಲೆಕ್ಕಕ್ಕೆ ಬೇಕಾಗಿದ್ದದ್ದು ಜೋಡಿದಾರನ ಹೆಸರು. ಭೂಮಿಯನ್ನು ಉತ್ತು ಬಿತ್ತಿ ವಾರವನ್ನೋ (ಬೆಳೆಯಲ್ಲಿ ಪಾಲು) ಗೇಣಿಯನ್ನೋ ಅಳೆಯುತ್ತಿದ್ದ ಒಕ್ಕಲಿನ ಹೆಸರು ಜೋಡಿದಾರನ ಮನೆಯ ಪುಸ್ತಕದಲ್ಲಿ ಇರುತ್ತಿತ್ತೇ ಹೊರತು ತಾಲ್ಲೂಕಿನ ಪುಸ್ತಕದಲ್ಲಿ ಇರಬೇಕಾದ ಕಾರಣವೇ ಇರಲಿಲ್ಲ. ಮೈಸೂರು ಸಂಸ್ಥಾನದಲ್ಲಿ ಕಂದಾಯ ಅಳತೆ 1863ರಲ್ಲಿ ಆರಂಭವಾದರೂ ಎಷ್ಟೋ ಇನಾಂ ಗ್ರಾಮಗಳಲ್ಲಿ ಹೊಲದಿಂದ ಹೊಲಕ್ಕೆ ಸರಪಳಿ ಹಿಡಿದದ್ದು ಬಹಳ ತಡವಾಗಿ. ಆದ್ದರಿಂದ ಮುತ್ತಾತನ ಹೆಸರಿನಲ್ಲಿ ಒಂದು ಗುಂಟೆಯೂ ಇಲ್ಲವೆಂದು ಅವರಿಗೆ ಭೂಮಿಯ ನಂಟೇ ಇರಲಿಲ್ಲವೆಂದುಕೊಳ್ಳಬೇಡಿ.

ನೀವು ಕೇಳಬೇಕಾದದ್ದು ಇನಾಂ ರದ್ದಿಯಾತಿಯ ಕಡತ. 1954ರ ಮೈಸೂರು ಖಾಸಗಿ ಮತ್ತು ಸಂಕೀರ್ಣ ಇನಾಂಗಳ ರದ್ದಿಯಾತಿ ಕಾಯ್ದೆ, ದೇವಸ್ಥಾನದ ಇನಾಮಾಗಿದ್ದರೆ 1955ರ ಧಾರ್ಮಿಕ ಮತ್ತು ಧರ್ಮಾದಾಯ ಇನಾಂಗಳ ಕಾಯ್ದೆ, ಇವೆರಡರಲ್ಲಿ ಒಂದು ನಿಮ್ಮ ಊರಿಗೆ ಅನ್ವಯಿಸಿರುತ್ತದೆ. ಸರ್ಕಾರ ಗ್ರಾಮಕ್ಕೊಂದು ದಿನ ಗೊತ್ತುಪಡಿಸಿ ಅಧಿಸೂಚನೆ ಹೊರಡಿಸುತ್ತಿತ್ತು, ಅಂದಿನಿಂದ ಇನಾಂ ಹಕ್ಕು ಸರ್ಕಾರದ ವಶವಾಗುತ್ತಿತ್ತು. ಆಮೇಲೆ ಭೂಮಿ ಯಾರ ಹೆಸರಿಗೆ ದಾಖಲಾಗಬೇಕೆಂದು ವಿಚಾರಣೆ ನಡೆಯಿತು. 1954ರ ಕಾಯ್ದೆಯಲ್ಲಿ ಒಕ್ಕಲುಗಳನ್ನು ಕದೀಂ ಗೇಣಿದಾರ, ಕಾಯಂ ಗೇಣಿದಾರ, ಅರೆಕಾಯಂ ಗೇಣಿದಾರ ಎಂದು ವಿಂಗಡಿಸಿದ್ದರು. ಹಳೆಯ ಒಕ್ಕಲು ಎನ್ನಿಸಿಕೊಳ್ಳಬೇಕಾದರೆ ಭೂಮಿ ಎಷ್ಟು ಕಾಲದಿಂದ, ಯಾರ ಮೂಲಕ ತಮ್ಮ ಸ್ವಾಧೀನಾನುಭವದಲ್ಲಿದೆ ಎಂದು ರೈತ ಬಾಯ್ಬಿಟ್ಟು ಹೇಳಲೇಬೇಕಿತ್ತು, ಗುಮಾಸ್ತ ಅದನ್ನು ಬರೆದುಕೊಂಡು ಓದಿ ಹೇಳಿ ಹೆಬ್ಬೆಟ್ಟು ಒತ್ತಿಸುತ್ತಿದ್ದ. ಅಕ್ಷರ ಬಾರದ ರೈತನೊಬ್ಬ ತನ್ನ ಮನೆತನದ ಕಥೆಯನ್ನು ಸರ್ಕಾರದ ಕಾಗದದಲ್ಲಿ ಹೇಳಿದ ಒಂದೇ ಒಂದು ಸಂದರ್ಭ ಇದಾಗಿರುವುದೂ ಉಂಟು. ಈ ಹೇಳಿಕೆಗಳನ್ನು ಓದುವಾಗ ನನಗೆ ಎಷ್ಟೋ ಸಲ ಊಟದ ಹೊತ್ತು ಮೀರಿದೆ. ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ಮೊದಲು ವಿಚಾರಿಸಿ, ಅಲ್ಲಿಲ್ಲದಿದ್ದರೆ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ. ಹೆಸರು ಹೇಳಿದರೆ ಯಾರೂ ಹುಡುಕಿಕೊಡಲಾರರು. ಸರ್ವೆ ನಂಬರ್ ಬೇಕು, ಅದೂ ಹಳೆಯ ನಂಬರ್. ಅಳತೆಯಾದ ಮೇಲೆ ನಂಬರ್ ಬದಲಾಗಿದ್ದರೆ ಆಕಾರ್‌ಬಂದ್ (ಸರ್ವೆ ನಂಬರ್ ಪ್ರಕಾರ ವಿಸ್ತೀರ್ಣ, ಕಂದಾಯದ ಪಟ್ಟಿ) ಮತ್ತು ಟಿಪ್ಪಣಿಯನ್ನು (ಅಳತೆಯ ನಕ್ಷೆ) ಜೊತೆಗಿಟ್ಟುಕೊಂಡು ನೋಡಿ. ಈಗ ಭೂ ಸುರಕ್ಷಾ ಯೋಜನೆಯಲ್ಲಿ ದಾಖಲೆ ಕೊಠಡಿಗಳ ಕಡತಗಳನ್ನು ಸ್ಕ್ಯಾನ್ ಮಾಡುತ್ತಿರುವುದರಿಂದ ಧೂಳು ಕುಡಿಯುವ ಪ್ರಮೇಯ ಸ್ವಲ್ಪ ತಪ್ಪಬಹುದು. ಮಂಡ್ಯ ಜಿಲ್ಲೆ ಮೈಸೂರು ಜಿಲ್ಲೆಯಿಂದ ಬೇರೆಯಾದದ್ದು 1939ರಲ್ಲಿ, ಹಾಗಾಗಿ ಅದಕ್ಕೆ ಹಿಂದಿನ ಜಿಲ್ಲಾ ಮಟ್ಟದ ಕಾಗದಗಳಿಗೆ ಮೈಸೂರಿನ ಕಡೆ ಮುಖ ಮಾಡಬೇಕಾಗುತ್ತದೆ.

ಇನಾಮಿಗೆ ಸೇರದ, ಖಾಸಗಿ ಭೂಮಾಲೀಕನ ಜಮೀನನ್ನೂ ನಿಮ್ಮವರು ಗೇಣಿಗೆ ಮಾಡುತ್ತಿದ್ದರೆ ಭೂ ನ್ಯಾಯಮಂಡಳಿಯ ಕಡತವನ್ನೂ ನೋಡಿ. 1974ರ ಮಾರ್ಚ್ 1ರಂದು ಗೇಣಿ ಜಮೀನುಗಳು ಸರ್ಕಾರದಲ್ಲಿ ನಿಹಿತವಾದ ಮೇಲೆ ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿದರು, ಅದಕ್ಕೆ ಕೊನೆಯ ದಿನ 1979ರ ಜೂನ್ 30. ಪಹಣಿಯಲ್ಲಿ ಎಲ್ಲರೂ ನೋಡುವುದು ಮಾಲೀಕನ ಹೆಸರಿರುವ 9ನೆಯ ಕಾಲಂ. ನೀವು 12(2)ನೆಯ ಕಾಲಂ ನೋಡಿ, ಸಾಗುವಳಿ ಮಾಡಿದವನ ಹೆಸರು ಬರುವುದು ಅಲ್ಲಿ.

ಓದುವಾಗ ಒಂದೆರಡು ಎಚ್ಚರಿಕೆ. ಹಳೇ ಮೈಸೂರಿನ ದಾಖಲೆಗಳಲ್ಲಿ ‘ಬಿನ್’ ಎಂದರೆ ಇಂಥವರ ಮಗ, ‘ಕೋಂ’ ಎಂದರೆ ಇಂಥವರ ಹೆಂಡತಿ. ಮೊಮ್ಮಗನಿಗೆ ತಾತನ ಹೆಸರಿಡುವ ಪದ್ಧತಿಯಿಂದಾಗಿ ಕೆಂಪಯ್ಯ ಬಿನ್ ಕಾಳಯ್ಯ, ಕಾಳಯ್ಯ ಬಿನ್ ಕೆಂಪಯ್ಯ ಎಂದು ಅವೇ ಎರಡು ಹೆಸರುಗಳು ಏಣಿಯ ಮೆಟ್ಟಿಲಿನಂತೆ ತಿರುಗಿ ತಿರುಗಿ ಬರುತ್ತವೆ. ವರ್ಷವನ್ನು ನೋಡದೆ ಹೆಸರನ್ನಷ್ಟೇ ಹಿಡಿದರೆ ತಾತನನ್ನೂ ಮೊಮ್ಮಗನನ್ನೂ ಒಬ್ಬನೇ ಎಂದುಕೊಳ್ಳುತ್ತೀರಿ. ನಾಡಕಚೇರಿಯಿಂದ ಪಡೆಯುವ ವಂಶವೃಕ್ಷವನ್ನು ಇತಿಹಾಸವೆಂದು ನಂಬಬೇಡಿ. ಅದು ಪೌತಿ ಖಾತೆಗಾಗಿ, ಅಂದರೆ ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಇಂದಿನವರು ಪ್ರಮಾಣ ಮಾಡಿ ಹೇಳಿದ್ದು.

ಕೊನೆಯದಾಗಿ, ನಿಮ್ಮವರ ಕಾಗದ ಇಲ್ಲದಿದ್ದರೆ ನೆರೆಯವರ ಕಾಗದ ನೋಡಿ. ಪಕ್ಕದ ಜಮೀನಿನ ಕ್ರಯಪತ್ರದಲ್ಲಿ ಚಕ್ಕುಬಂದಿ ಬರೆಯುವಾಗ ಮೂಡಲಿಗೆ ಇಂಥವರ ಹೊಲ, ಪಡುವಲಿಗೆ ಇಂಥವರ ಗದ್ದೆ ಎಂದು ನಾಲ್ಕು ದಿಕ್ಕಿನವರನ್ನು ಹೆಸರಿಸುತ್ತಾರೆ. ಉಪನೋಂದಣಿ ಕಚೇರಿಯಲ್ಲಿ ಅಂತಹ ಪತ್ರ ಸಿಕ್ಕರೆ, ಒಂದು ಚಿಕ್ಕಾಸಿನ ಆಸ್ತಿಯೂ ಇರದ ಒಕ್ಕಲು ಕೂಡ ಬೇರೆಯವರ ಗಡಿಯಾಗಿ ಅಲ್ಲಿ ನಿಂತಿರುತ್ತಾನೆ. ಶಾನುಭೋಗರ ವಂಶಸ್ಥರು ಊರಿನಲ್ಲಿದ್ದರೆ ಅವರನ್ನೂ ಮಾತನಾಡಿಸಿ. 1963ರ ಫೆಬ್ರವರಿ 1ರಿಂದ ವಂಶಪಾರಂಪರ್ಯದ ಗ್ರಾಮಾಧಿಕಾರ ಹೋದರೂ ಹಳೆಯ ಕಡತಗಳು ಎಷ್ಟೋ ಮನೆಗಳ ಅಟ್ಟದಲ್ಲಿ ಉಳಿದುಬಿಟ್ಟವು. ನಾನು ಕಂಡ ಒಂದು ಕಡತ ಬಟ್ಟೆಗೆ ಹುಣಿಸೆ ಬೀಜದ ಸರಿ ಮತ್ತು ಇದ್ದಿಲು ಬಳಿದು ಮಡಿಸಿದ್ದು. ಬಳಪದಲ್ಲಿ ಬರೆದ ಬಿಳಿಯ ಅಕ್ಷರ ಬೆರಳು ತಾಗಿದರೆ ಅಳಿಸುವಂತಿತ್ತು, ಆದ್ದರಿಂದ ಸಿಕ್ಕರೆ ಬಿಚ್ಚುವ ಮೊದಲು ಫೋಟೋ ತೆಗೆಯುವವರನ್ನು ಜೊತೆಗೆ ಕರೆದೊಯ್ಯಿರಿ.

ಉತ್ತರ: ವರದಾತೀರ

ನಾನು ಹಾವೇರಿ ಕಡೆಯವನು. ನಮ್ಮಲ್ಲಿ ಸುಗ್ಗಿ ಮುಗಿದ ಮೇಲೆ ಹೆಳವರು ಎತ್ತಿನೊಂದಿಗೆ ಬರುತ್ತಾರೆ. ಒಕ್ಕಲು ಮನೆತನಗಳ ವಂಶಾವಳಿಯನ್ನು ಹೇಳುವುದೇ ಅವರ ಕುಲಕಸುಬು. ಬೆಳಗಿನ ಜಾವ ಬಾಗಿಲಲ್ಲಿ ನಿಂತು ಮೂಲಪುರುಷನಿಂದ ಹಿಡಿದು ಕಳೆದ ವರ್ಷ ಹುಟ್ಟಿದ ಕೂಸಿನವರೆಗೆ ಹೆಸರು ಹೇಳಿ, ಹೊಸ ಹೆಸರನ್ನು ಪುಸ್ತಕಕ್ಕೆ ಬರೆದುಕೊಂಡು, ಕಾಳು, ಬಟ್ಟೆ, ಅನುಕೂಲವಿದ್ದವರು ಕೊಟ್ಟರೆ ಒಂದು ಕರು, ಇಷ್ಟನ್ನು ಪಡೆದು ಹೋಗುತ್ತಾರೆ. ಹಳೇ ಮೈಸೂರಿನ ಕಡೆಯೂ ಹೆಳವರಿದ್ದಾರೆ. ನಿಮ್ಮ ಊರಿಗೆ ಯಾವ ಮನೆತನದ ಹೆಳವರು ಬರುತ್ತಿದ್ದರೆಂದು ಹಿರಿಯರಲ್ಲಿ ಕೇಳಿ. ಅವರು ಊರುಗಳನ್ನು ತಮ್ಮತಮ್ಮೊಳಗೆ ಹಂಚಿಕೊಂಡಿರುವುದರಿಂದ ಸರಿಯಾದವರು ಸಿಗುವವರೆಗೆ ಪುಸ್ತಕ ಸಿಗುವುದಿಲ್ಲ.

ಆದರೆ ನನ್ನ ಅನುಭವವನ್ನೂ ಹೇಳಬೇಕು. ನಮ್ಮ ಮನೆಯ ಸಾಲು ಹೆಳವರ ಪುಸ್ತಕದಲ್ಲಿ ಮುತ್ತಜ್ಜನ ಹತ್ತಿರ ಬಂದು ಥಟ್ಟನೆ ನಿಂತುಹೋಗಿತ್ತು. ಪುಸ್ತಕವೇ ತಪ್ಪೆಂದು ನಮ್ಮ ಕಾಕಾ ಹೆಳವರೊಡನೆ ಜಗಳಕ್ಕೇ ನಿಂತರು. ಪುಸ್ತಕ ಸರಿಯಾಗಿಯೇ ಇತ್ತು. ಮುತ್ತಜ್ಜ ಆ ಊರಿಗೆ ಮನೆ ಅಳಿಯನಾಗಿ ಬಂದವರು, ಅವರ ಹಿಂದಿನ ಸಾಲು ಬೇರೊಂದು ಊರಿನ ಪುಸ್ತಕದಲ್ಲಿತ್ತು, ಭೂಮಿಯ ಸಾಲು ಮಾತ್ರ ಮುತ್ತಜ್ಜಿಯ ತವರಿನದು. ಗಂಡುಮಕ್ಕಳ ಹೆಸರನ್ನೇ ಹಿಡಿದು ಹಿಂದಕ್ಕೆ ಹೋಗುತ್ತಿದ್ದ ನಮಗೆ ಅದು ಹೊಳೆದಿರಲೇ ಇಲ್ಲ.

ನಿಮ್ಮ ಮನೆಗೆ ಎರಡು ಮನೆದೇವರು ಎಂದು ಓದಿದೊಡನೆ ನನಗೆ ಇದೇ ನೆನಪಾಯಿತು. ನಮ್ಮಲ್ಲಿಯೂ ಎರಡಿದ್ದವು, ಒಂದು ಅಳಿಯ ತಂದದ್ದು, ಇನ್ನೊಂದು ಮಾವನ ಮನೆಯದು. ಆದಿಚುಂಚನಗಿರಿ ನಾಗಮಂಗಲ ತಾಲ್ಲೂಕು, ಮುಡುಕುತೊರೆ ತಲಕಾಡಿನ ಬಳಿ ಕಾವೇರಿಯ ದಂಡೆಯಲ್ಲಿ. ಒಂದು ಬೆದ್ದಲು ಸೀಮೆ, ಇನ್ನೊಂದು ಹೊಳೆ ಸೀಮೆ. ಎರಡೂ ಒಂದೇ ಮೂಲದಿಂದ ಬಂದಿರಲಾರವು ಎಂದು ನನ್ನ ಎಣಿಕೆ. ಮುತ್ತಜ್ಜಿಯ ತಂದೆಯ ಹೆಸರನ್ನು ಮೊದಲು ಪತ್ತೆ ಮಾಡಿರಿ.

ಉತ್ತರ: ಪಂಚಾಂಗದ ಹುಚ್ಚ

ಕಾಲದ ಲೆಕ್ಕವನ್ನು ಸ್ವಲ್ಪ ನೋಡೋಣ. ದೊಡ್ಡ ಬರವೆಂದು ಹಳೇ ಮೈಸೂರಿನವರು ಹೇಳುವುದು ಧಾತು ಮತ್ತು ಈಶ್ವರ ಸಂವತ್ಸರಗಳ ಬರವನ್ನು, ಅಂದರೆ 1876ರಿಂದ 1878. 1871ರ ಜನಗಣತಿಯಲ್ಲಿ ಐವತ್ತು ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ ನಲವತ್ತೆರಡು ಲಕ್ಷಕ್ಕೂ ಕೆಳಗಿಳಿದಿತ್ತು. ‘ಕಂಬಿ ಹಾಕುವ ಕಾಲ’ವೂ ಇದಕ್ಕೆ ಹೊಂದುತ್ತದೆ: ಬೆಂಗಳೂರು–ಮೈಸೂರು ರೈಲುಮಾರ್ಗದ ಮಣ್ಣಿನ ಕೆಲಸ ಬರಪರಿಹಾರದ ಕಾಮಗಾರಿಯಾಗಿ ಆರಂಭವಾಗಿ, ಮದ್ದೂರು, ಮಂಡ್ಯ ದಾಟಿ 1882ರಲ್ಲಿ ಮೈಸೂರನ್ನು ಮುಟ್ಟಿತು. ಬರದಲ್ಲಿ ಊರು ಬಿಟ್ಟ ಹುಡುಗನೊಬ್ಬ ಆ ಕೆಲಸದ ಜನರೊಡನೆ ಮಂಡ್ಯದ ಕಡೆ ಬಂದನೆಂದರೆ ನಂಬುವ ಮಾತೇ.

ಆದರೆ ಆ ಹುಡುಗ ನಿಮ್ಮ ಮುತ್ತಾತನಾಗಲಾರ. ಬರದ ಹೊತ್ತಿಗೆ ದನ ಕಾಯುವ ವಯಸ್ಸೆಂದರೆ ಎಂಟು ಹತ್ತು ವರ್ಷವಾದರೂ ಆಗಿರಬೇಕು, ಹುಟ್ಟಿದ್ದು 1868ರ ಆಸುಪಾಸು. ನೀವು ಹೇಳುವ ನಾಲೆ, ಆಗ ಇರ್ವಿನ್ ನಾಲೆ ಎನ್ನಿಸಿಕೊಂಡಿದ್ದ ಇಂದಿನ ವಿಶ್ವೇಶ್ವರಯ್ಯ ನಾಲೆ, ಮಂಡ್ಯದ ಬಯಲಿಗೆ ನೀರು ತಂದದ್ದು 1930ರ ದಶಕದಲ್ಲಿ. ಅರವತ್ತು ದಾಟಿದವನಿಗೆ ಮಗಳು ಹುಟ್ಟುವುದು ಅಸಾಧ್ಯವಲ್ಲದಿದ್ದರೂ ಒಂದೇ ಹೆಂಡತಿಯಿದ್ದ ಮನೆಯಲ್ಲಿ ಕಷ್ಟ. ಅರವತ್ತು ವರ್ಷಕ್ಕೊಮ್ಮೆ ಸಂವತ್ಸರದ ಹೆಸರುಗಳು ಮರಳುವಂತೆ ಮನೆಮಾತಿನ ಕಥೆಗಳೂ ಒಂದು ತಲೆಮಾರು ಜಾರಿ ಮುಂದಿನವರ ಮೇಲೆ ಕೂರುವುದನ್ನು ನಾನು ಅನೇಕ ಮನೆಗಳಲ್ಲಿ ಕಂಡಿದ್ದೇನೆ. ನಿಮ್ಮಲ್ಲಿ ಎರಡು ಮನುಷ್ಯರ ಕಥೆ ಒಬ್ಬನ ಹೆಗಲಿಗೆ ಬಿದ್ದಿದೆ.

ಹೊರದೇಶಗಳಲ್ಲಿ ಮಾಡುವಂತೆ ಜನಗಣತಿಯ ಮನೆಪಟ್ಟಿಯಲ್ಲಿ ಹೆಸರು ಹುಡುಕೋಣವೆಂದು ಮಾತ್ರ ಹೊರಡಬೇಡಿ. ನಮ್ಮಲ್ಲಿ ಓದಲು ಸಿಗುವುದು ಅಂಕಿಅಂಶಗಳೇ ಹೊರತು ಮನೆಯವರ ಹೆಸರುಗಳಲ್ಲ. ಪ್ರಾಥಮಿಕ ಶಾಲೆಯ ದಾಖಲಾತಿ ಪುಸ್ತಕದಲ್ಲಿ ನಿಮ್ಮ ತಾತನ ತಮ್ಮಂದಿರ ಹೆಸರೇನಾದರೂ ಇದ್ದರೆ, ಪೋಷಕರ ಕಾಲಂ ನೋಡಿ.

ಪ್ರಶ್ನೆ ಕೇಳಿದವರ ಮರುಬರಹ: ನಾಲೆಬದಿಯವನು

ಮೂವರಿಗೂ ನಮಸ್ಕಾರಗಳು. ಮೂರು ತಿಂಗಳಾದ ಮೇಲೆ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ, ಕಡತ ಸಿಗಲು ಅಷ್ಟು ಸಮಯ ಹಿಡಿಯಿತು. ಮೊದಲ ಸಲ ಹೋದಾಗ ಅಂತಹ ಕಡತವೇ ಇಲ್ಲವೆಂದರು. ಶಿರಸ್ತೇದಾರರು ಹೇಳಿದಂತೆ ಆಕಾರ್‌ಬಂದ್ ಹಿಡಿದು ಹಳೆಯ ನಂಬರ್ ಗುರುತಿಸಿಕೊಂಡು ಎರಡನೆಯ ಅರ್ಜಿ ಹಾಕಿದ ಮೇಲೆ ಸಿಕ್ಕಿತು.

ಒಟ್ಟು ಹನ್ನೊಂದು ಹಾಳೆಗಳು, ಅಂಚುಗಳನ್ನು ಗೆದ್ದಲು ತಿಂದಿದೆ. ನಾಲ್ಕನೆಯ ಹಾಳೆಯಲ್ಲಿ ಮುತ್ತಾತನ ಹೇಳಿಕೆಯಿದೆ. 1960ರ ಆಸುಪಾಸಿನ ಆ ಹೇಳಿಕೆಯಲ್ಲಿ ವಯಸ್ಸು ಸುಮಾರು ಎಪ್ಪತ್ತು ಎಂದು ಬರೆದಿರುವುದರಿಂದ ಅವರು ಹುಟ್ಟಿದ್ದು 1890ರ ಹತ್ತಿರ, ದೊಡ್ಡ ಬರ ಕಳೆದು ಹನ್ನೆರಡು ವರ್ಷಗಳ ಮೇಲೆ. ಅವರ ಸ್ವಂತ ಊರು ಟಿ. ನರಸೀಪುರ ತಾಲ್ಲೂಕಿನದು. ಈ ಭೂಮಿ ತನ್ನ ಮಾವನವರ ಕಾಲದಿಂದ ವಾರದ ಮೇಲೆ ಸಾಗುವಳಿಯಲ್ಲಿದೆ, ಮಾವನಿಗೆ ಗಂಡುಮಕ್ಕಳಿಲ್ಲದ ಕಾರಣ ತಾನು ಮನೆ ಅಳಿಯನಾಗಿ ಬಂದು ಮುಂದುವರಿಸಿದೆ, ಎಂಬುದು ಹೇಳಿಕೆಯ ಸಾರ. ಮಾವನ ಹೆಸರಿದೆ. ಅದರ ಮುಂದೆ ‘ಬಿನ್’ ಎಂದು ಬರೆದು, ತಂದೆಯ ಹೆಸರು ಬರಬೇಕಾದ ಜಾಗದಲ್ಲಿ ಒಂದು ಗೆರೆ ಎಳೆದು ಬಿಟ್ಟಿದ್ದಾರೆ. ಕೆಳಗೆ ಮುತ್ತಾತನ ಎಡಗೈ ಹೆಬ್ಬೆಟ್ಟಿನ ಗುರುತಿದೆ. ಮಸಿ ಹೆಚ್ಚಾಗಿ ಗೆರೆಗಳೆಲ್ಲ ಕೂಡಿಕೊಂಡು ಒಂದು ನೇರಳೆಹಣ್ಣಿನ ಕಲೆಯಂತಾಗಿದೆ. ಅದರ ಪಕ್ಕದಲ್ಲಿ ಗುಮಾಸ್ತರು ಇದು ಇಂಥವರ ಗುರುತೆಂದು ಬರೆದು ರುಜು ಹಾಕಿದ್ದಾರೆ.

ನಕಲನ್ನು ಊರಿಗೆ ಒಯ್ದು ದೊಡ್ಡಮ್ಮನಿಗೆ ಓದಿ ಹೇಳಿದೆ. ಮಾವನ ಹೆಸರು ಬಂದಾಗ ಅವರು ತಲೆ ಆಡಿಸಿ, ‘ಅವರೇ ಬಂದವರು, ನಾಗಮಂಗಲದ ಕಡೆಯಿಂದ ಬಂದವರು, ನಮ್ಮತ್ತೆ ಎಲೆ ಹಾಕೋವಾಗ ಹೇಳೋರು’ ಎಂದರು. ಇಷ್ಟು ವರ್ಷ ಏಕೆ ಹೇಳಲಿಲ್ಲವೆಂದು ಕೇಳಿದ್ದಕ್ಕೆ, ನೀವು ಕೇಳಿದ್ದು ನಿಮ್ಮ ಮುತ್ತಾತನ ಸಂಗತಿಯಲ್ಲವೇ ಎಂದು ನನ್ನನ್ನೇ ತಿರುಗಿ ಕೇಳಿದರು. ನಾಗಮಂಗಲದ ಯಾವ ಊರೆಂದು ಅವರಿಗೆ ಗೊತ್ತಿಲ್ಲ. ಆದಿಚುಂಚನಗಿರಿಯ ಒಕ್ಕಲುಗಳನ್ನೂ ಆ ಸೀಮೆಗೆ ಬರುವ ಹೆಳವರನ್ನೂ ಮುಂದೆ ವಿಚಾರಿಸಬೇಕೆಂದಿದ್ದೇನೆ. ನಾಗಮಂಗಲದ ಕಡೆಯ ಹೆಳವರ ಪರಿಚಯ ಇಲ್ಲಿ ಯಾರಿಗಾದರೂ ಇದ್ದರೆ ದಯವಿಟ್ಟು ತಿಳಿಸಿ.

ಹೆಸರು ಸಿಕ್ಕಿತಲ್ಲ, ಈ ಸಲ ಪಿತೃಪಕ್ಷದಲ್ಲಿ ಅವರ ಎಲೆಯನ್ನೂ ಸಾಲಿನಲ್ಲಿಯೇ ಹಾಕೋಣವೆಂದೆ. ಸಾಲಿಗೆ ತರಲು ದೊಡ್ಡಮ್ಮ ಒಪ್ಪಿದರು. ಗಂಜಿಯ ಬದಲು ಉಳಿದವರಿಗೆ ಬಡಿಸುವುದನ್ನೇ ಬಡಿಸೋಣವೆಂದಾಗ ಮಾತ್ರ ಒಪ್ಪಲಿಲ್ಲ. ಅವರು ಕೇಳಿ ಉಣ್ಣುತ್ತಿದ್ದದ್ದು ಅದೇ ಅಂತೆ.